ಹಳೆಯ ಗಾಡಿ, ಹೊಸ ಬಣ್ಣ ಮತ್ತು ಮಾರುವವನ ಮೌನ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರು ಕಾರ್ಯಾಲಯದ ಕಟ್ಟೆಯ ಮೇಲೆ ಕುಳಿತಾಗ ಮಳೆ-ಬೆಳೆ, ದ್ರಾಕ್ಷಿಯ ಭಾವ, ಮಕ್ಕಳ ಮದುವೆ, ಕನ್ನಡ ಶಾಲೆಗೆ ಮಾಸ್ತರರು ಸಾಲದಿರುವುದು ಮುಂತಾದ ಮಾತು ಬರುವುದು ರೂಢಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ಅದು ಹಳೆಯ ಮೋಟಾರುಗಾಡಿಗಳ ಮಾತು. ರೈತರ ಮಕ್ಕಳು, ಕಿರಾಣಿ ಮತ್ತು ಬಟ್ಟೆ ಅಂಗಡಿಯ ಮಕ್ಕಳು ಹಂಗಾಮಿನ ಬಿಡುವಿನಲ್ಲಿ ಒಂದು ಹಳೆಯ ಕಾರನ್ನೋ ಜೀಪನ್ನೋ ಮೋಟಾರುಸೈಕಲ್ಲನ್ನೋ ಅಗ್ಗಕ್ಕೆ ಕೊಳ್ಳುವುದು, ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ತಿಂಗಳೊಪ್ಪತ್ತು ಕೈಮಸಿ ಮಾಡಿಕೊಂಡು ಅದನ್ನು ರಿಪೇರಿ ಮಾಡುವುದು, ಆಮೇಲೆ ನಾಲ್ಕು ಕಾಸು ಲಾಭಕ್ಕೆ ಮಾರುವುದು, ಮತ್ತೊಂದನ್ನು ತರುವುದು. ಕೇಳಿದರೆ "ಧಂಧೆ ಅಲ್ಲರೀ, ಸುಮ್ಮನೆ ಒಂದು ಹವ್ಯಾಸ" ಎನ್ನುತ್ತಾರೆ.

ಇಂಥ ಯುವಕರ ತಂದೆ-ತಾಯಿಗಳಲ್ಲಿ ಕೆಲವರು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: ಇದು ಕಾಯಕದಲ್ಲಿ ಸೇರುತ್ತದೆಯೇ, ಇಲ್ಲವೇ? ಗಾಡಿಯಲ್ಲಿ ದೋಷವಿದ್ದದ್ದು ಗೊತ್ತಿದ್ದೂ ಕೊಳ್ಳುವವನು ಕೇಳಲಿಲ್ಲವೆಂದು ಸುಮ್ಮನಿದ್ದರೆ ಅದು ಸುಳ್ಳು ಹೇಳಿದಂತೆ ಆಗುತ್ತದೆಯೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಎಮ್ಮೆ ಮಾರುವ ರೈತನಿಗೂ, ಬೆಲ್ಲ ಮಾರುವ ಅಡತಿಯವನಿಗೂ, ಹೊಲ ಮಾರುವ ಗೌಡನಿಗೂ ಇದೇ ಪ್ರಶ್ನೆ ಇದೆ. ಆದ್ದರಿಂದ ಗಾಡಿಯ ನೆಪದಲ್ಲಿ ನಾವೆಲ್ಲರೂ ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಮೊದಲು ಈ ಹವ್ಯಾಸದಲ್ಲಿರುವ ಒಳ್ಳೆಯದನ್ನು ಹೇಳಬೇಕು. ಕೆಟ್ಟು ನಿಂತ ವಸ್ತುವನ್ನು ಮತ್ತೆ ನಡೆಯುವಂತೆ ಮಾಡುವುದು ಪುಣ್ಯದ ಕೆಲಸವೆಂದೇ ನಾವು ತಿಳಿಯುತ್ತೇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದು ನಿಂತುಹೋಯಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಓಡುತ್ತಿದ್ದರೆ ಅದಕ್ಕೆ ಇಂಥ ಹವ್ಯಾಸಿಗಳೇ ಕಾರಣ. ಗೇರು ಹಾಕುವ ಲಿವರನ್ನೇ ಮಡಚಿ ಕಿಕ್ ಹೊಡೆಯುವ ಆ ಗಾಡಿಯನ್ನು ಇಂದಿನ ಹುಡುಗರ ಕೈಗೆ ಕೊಟ್ಟರೆ ಕಿಕ್ ಎಲ್ಲಿದೆ ಎಂದು ಹುಡುಕುತ್ತಾರೆ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರು ಎಷ್ಟೋ ಮನೆಗಳಿಗೆ ಮೊದಲನೆಯ ಕಾರು. ಇಂಥ ಗಾಡಿಯ ಕಾರ್ಬ್ಯುರೇಟರು ಬಿಚ್ಚಿ ತೊಳೆದು, ಪ್ಲಗ್ಗು ಬದಲಿಸಿ, ತುಕ್ಕು ತಿಂದ ತಳದ ತಗಡಿಗೆ ವೆಲ್ಡಿಂಗ್ ಮಾಡಿ, ಬ್ರೇಕಿನ ಸಿಲಿಂಡರು ಹೊಸದು ಹಾಕಿ ರಸ್ತೆಗೆ ಇಳಿಸಿದ ಹುಡುಗನಲ್ಲಿ ತಾಳ್ಮೆ ಇರುತ್ತದೆ, ಲೆಕ್ಕ ಇರುತ್ತದೆ, ಕೈಗೆ ಕಸುಬು ಬಂದಿರುತ್ತದೆ. ಸಂಜೆ ಕಟ್ಟೆಯ ಮೇಲೆ ಇಸ್ಪೀಟು ಆಡುವುದಕ್ಕಿಂತ ಇದು ಎಷ್ಟೋ ಮೇಲು. ಹೊಸ ಗಾಡಿ ಕೊಳ್ಳಲಾರದ ಬಡ ಕುಟುಂಬಕ್ಕೆ ಇದರಿಂದ ಒಂದು ಅನುಕೂಲವೂ ಆಗುತ್ತದೆ.

ನುಲಿಯ ಚಂದಯ್ಯ ಶರಣರು ಕೆರೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದರು. ಹುಲ್ಲಿಗೆ ಬೆಲೆ ಇರಲಿಲ್ಲ, ಹಗ್ಗಕ್ಕೆ ಬೆಲೆ ಬಂತು. ನಡುವೆ ಸೇರಿದ್ದು ಅವರ ಕೈಯ ದುಡಿಮೆ. ಹಳೆಯ ಗಾಡಿಯನ್ನು ರಿಪೇರಿ ಮಾಡಿ ಮಾರುವವನೂ ಇದೇ ದಾರಿಯವನು. ಅವನು ಲಾಭ ತೆಗೆದುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಶರಣರು ಲಾಭವನ್ನು ಬೇಡವೆಂದವರಲ್ಲ, ಆ ಲಾಭ ಎಲ್ಲಿಂದ ಬಂತು ಎಂದು ಕೇಳಿದವರು.

ಆ ಪ್ರಶ್ನೆಯನ್ನು ವ್ಯಾಪಾರಿ ಬಂಧುಗಳಿಗೆ ಒಗ್ಗುವಂತೆ ಕಿರ್ದಿಯ ಲೆಕ್ಕದಲ್ಲೇ ನೋಡೋಣ. ಉದಾಹರಣೆಗೆ ಒಂದು ಕಾರು 1,10,000 ರೂಪಾಯಿಗೆ ಬಂತೆನ್ನಿ. ಬಿಡಿಭಾಗಗಳಿಗೆ 26,000, ಹೊರಗಿನ ಮೇಸ್ತ್ರಿಗೆ ಮತ್ತು ಬಣ್ಣದವನಿಗೆ 12,000 ಹೋಯಿತು. ಒಟ್ಟು 1,48,000. ಮಾರಿದ್ದು 1,90,000ಕ್ಕೆ. ಉಳಿದದ್ದು 42,000. ಇದರಲ್ಲಿ ಹುಡುಗನ 20 ದಿನಗಳ ದುಡಿಮೆಯನ್ನು ದಿನಕ್ಕೆ 800ರಂತೆ ಹಿಡಿದರೆ 16,000 ಕೂಲಿಯಾಯಿತು. ಇನ್ನು ಮಿಕ್ಕದ್ದು 26,000. ಇದು ಎಲ್ಲಿಂದ ಬಂತು? ಹಾಕಿದ ಬಂಡವಾಳಕ್ಕೆ, ಗಾಡಿ ಹೋಗದೆ ಉಳಿದೀತೆಂಬ ಆತಂಕಕ್ಕೆ, ಒಳ್ಳೆಯ ಗಾಡಿ ಯಾವುದೆಂದು ಗುರುತಿಸಿದ ಕಣ್ಣಿಗೆ ಇಷ್ಟು ಬಂದಿತೆಂದು ಹೇಳಿದರೆ ನಾವು ಒಪ್ಪುತ್ತೇವೆ. ಅದು ವ್ಯಾಪಾರದ ಧರ್ಮಕ್ಕೆ ಸಂದದ್ದು.

ಆದರೆ ಅದೇ ಗಾಡಿಯ ಗೇರ್‌ಬಾಕ್ಸಿನಲ್ಲಿ ಸದ್ದು ಇತ್ತು, ಅದನ್ನು ಬಿಚ್ಚಿ ಸರಿಮಾಡಲು 20,000 ಬೇಕಾಗಿತ್ತು, ಹುಡುಗ ಅದನ್ನು ಮಾಡದೆ ದಪ್ಪ ಎಣ್ಣೆ ತುಂಬಿ ಸದ್ದು ಅಡಗಿಸಿ ಮಾರಿದನೆನ್ನಿ. ಆಗ ಆ 26,000ದಲ್ಲಿ ವ್ಯಾಪಾರದ ಲಾಭ 6,000 ಮಾತ್ರ. ಇನ್ನುಳಿದ 20,000 ಕೊಂಡವನ ಅಜ್ಞಾನದಿಂದ ಕಿತ್ತುಕೊಂಡದ್ದು. ಅದು ಅವನ ಜೇಬಿನಿಂದ ಮೂರು ತಿಂಗಳ ಮೇಲೆ ಗ್ಯಾರೇಜಿಗೆ ಹೋಗುತ್ತದೆ. ಎರಡೂ ಒಂದೇ ನೋಟಿನ ಕಟ್ಟಿನಲ್ಲಿ ಬರುವುದರಿಂದ ಮಾರುವವನಿಗೆ ಇವೆರಡರ ಭೇದ ಕಾಣುವುದಿಲ್ಲ. ಖತಾವಣಿಯಲ್ಲಿ ಎರಡು ಬೇರೆ ಬೇರೆ ಬಾಬತ್ತು ಮಾಡಿ ಬರೆದರೆ ತಟ್ಟನೆ ಕಾಣುತ್ತದೆ: ಒಂದು ದುಡಿಮೆಯ ಬಾಬತ್ತು, ಇನ್ನೊಂದು ಮೌನದ ಬಾಬತ್ತು.

ಇಲ್ಲಿ ಕೆಲವರು ಕಾಯಿದೆಯ ಮಾತು ತೆಗೆಯುತ್ತಾರೆ. ನಾವು ವಾಣಿಜ್ಯ ಪದವಿಗೆ ಓದುವಾಗ ಪಾಠವಾಗಿದ್ದ 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಕುದುರೆಗೆ ಖೋಡಿ ಇದೆಯೆಂದು ಗೊತ್ತಿದ್ದ ಒಬ್ಬನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಖೋಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದು ಮೋಸವಲ್ಲ ಎನ್ನುತ್ತದೆ ಕಾಯಿದೆ. ಸರಕನ್ನು ನೋಡಿ ಕೊಳ್ಳುವುದು ಕೊಳ್ಳುವವನ ಹೊಣೆ ಎಂಬುದು ಅದರ ಹಿಂದಿನ ತತ್ವ. 1930ರ ಸರಕು ಮಾರಾಟ ಕಾಯಿದೆಯೂ ಕೆಲವು ವಿನಾಯಿತಿಗಳ ಜೊತೆಗೆ ಇದೇ ತತ್ವದ ಮೇಲೆ ನಿಂತಿದೆ. ಸುಮ್ಮನಿದ್ದವನಿಗೆ ಕೋರ್ಟಿನ ಭಯವಿಲ್ಲ ಎಂದು ಹೇಳುವವರು ಇಷ್ಟನ್ನೇ ಓದಿ ಪುಸ್ತಕ ಮುಚ್ಚಿರುತ್ತಾರೆ.

ಆದರೆ ಉದಾಹರಣೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮುಂದಿನ ಮಾತು ನಮಗೆ ಬಹಳ ಮುಖ್ಯವಾದದ್ದು. ಕೊಳ್ಳುವವಳು ಮಾರುವವನ ಸ್ವಂತ ಮಗಳಾಗಿದ್ದು, ಆಗತಾನೆ ಪ್ರಾಯಕ್ಕೆ ಬಂದವಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಖೋಡಿಯನ್ನು ಹೇಳುವುದು ತಂದೆಯ ಕರ್ತವ್ಯ ಎಂದು ಅದೇ ಕಲಮು ಹೇಳುತ್ತದೆ. ಇನ್ನೂ ಮುಂದೆ, ಕೊಳ್ಳುವವನು "ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತ ತಿಳಿಯುತ್ತೇನೆ" ಎಂದಾಗ ಮಾರುವವನು ಬಾಯಿ ಮುಚ್ಚಿಕೊಂಡರೆ ಆ ಮೌನವೇ ಮಾತಿಗೆ ಸಮ ಎನ್ನುತ್ತದೆ.

ಈಗ ಹೇಳಿ, ನಮ್ಮ ಊರುಗಳಲ್ಲಿ ಗಾಡಿ ಕೊಳ್ಳಲು ಬರುವವನು ಯಾವ ಮಾತಿನಿಂದ ಶುರು ಮಾಡುತ್ತಾನೆ? "ಸಾಹುಕಾರ್ರೇ, ನಿಮ್ಮ ಮ್ಯಾಗ ವಿಶ್ವಾಸ ಇಟ್ಟು ಬಂದೀನ್ರಿ" ಎಂದೇ ತಾನೇ? ಆ ಮಾತು ಬಿದ್ದ ಕ್ಷಣದಿಂದ ಮಾರುವವನ ಮೌನಕ್ಕೆ ನಾಲಿಗೆ ಬಂದಿತೆಂದೇ ತಿಳಿಯಬೇಕು. ಇನ್ನು ಸಂಬಂಧದ ಮಾತು. ಕಾಯಿದೆ ಮಗಳಿಗೆ ಒಂದು ನೀತಿ, ಹರಾಜಿಗೆ ಬಂದ ಅಪರಿಚಿತನಿಗೆ ಒಂದು ನೀತಿ ಎಂದು ಭೇದ ಮಾಡಬಹುದು. ಅದು ಕಾಯಿದೆಯ ಮಿತಿ. ಬಸವಣ್ಣನವರ ಮಾರ್ಗದಲ್ಲಿ ನಡೆಯುತ್ತೇವೆಂದು ಕೊರಳಲ್ಲಿ ಲಿಂಗ ಧರಿಸಿದವನಿಗೆ ಆ ಭೇದ ಎಲ್ಲಿದೆ? ಮನೆ ಬಾಗಿಲಿಗೆ ಬಂದವನನ್ನು ಪರಕೀಯನೆಂದು ಕಾಣಬಾರದೆಂದು ಕಲಿತವರು ನಾವು. ಅನುಭವ ಮಂಟಪದಲ್ಲಿ ಜಾತಿಯ ಗೋಡೆ ಇರಲಿಲ್ಲವೆಂದು ಭಾಷಣ ಮಾಡುವವರು ಶೆಡ್ಡಿನ ಬಾಗಿಲಲ್ಲಿ ನಮ್ಮವರಿಗೊಂದು ಮಾತು, ಹೊರಗಿನವರಿಗೊಂದು ಮಾತು ಆಡಿದರೆ ಆ ಭಾಷಣಕ್ಕೆ ಏನು ಬೆಲೆ? ಕಾಯಿದೆ ಮಗಳಿಗೆ ಕೊಟ್ಟ ಹಕ್ಕನ್ನು ಶರಣಧರ್ಮ ಎಲ್ಲರಿಗೂ ಕೊಡುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇದೊಂದೇ. ಮುಂದಿನದೆಲ್ಲ ಅದರ ವಿವರ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಅವು ಹಗುರವಾದವುಗಳಲ್ಲ, ಆದ್ದರಿಂದ ಒಂದೊಂದಾಗಿ ನೋಡೋಣ.

"ಹಳೆಯದೆಂದು ಗೊತ್ತಿದ್ದೇ ಕೊಳ್ಳುತ್ತಾನಲ್ಲ, ಬೆಲೆಯೂ ಕಡಿಮೆ ಇದೆಯಲ್ಲ?" ಎನ್ನುತ್ತಾರೆ. ನಿಜ. ಹಳೆಯ ಗಾಡಿಗೆ ಹಳೆತನದ ಸವಕಲು ಇದ್ದೇ ಇರುತ್ತದೆ. ಸೀಟು ಹರಿದಿದೆ, ಬಣ್ಣ ಮಾಸಿದೆ, ಟೈರು ಸವೆದಿದೆ ಎಂಬುದನ್ನು ಕೊಳ್ಳುವವನು ತನ್ನ ಕಣ್ಣಿನಿಂದಲೇ ನೋಡುತ್ತಾನೆ. ಕಡಿಮೆ ಬೆಲೆ ಕಟ್ಟಿರುವುದು ಈ ಕಾಣುವ ಸವಕಲಿಗೆ. ಕಾಣದ ದೋಷಕ್ಕೆ ಅವನು ಬೆಲೆ ಕಡಿಮೆ ಕೊಟ್ಟಿಲ್ಲ, ಏಕೆಂದರೆ ಅದು ಅವನಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಕೊಡುವುದು ಸಾಧ್ಯವಿಲ್ಲ.

"ಮೇಸ್ತ್ರಿಯನ್ನು ಕರೆತಂದು ತೋರಿಸಲಿ, ಬೇಡ ಅಂದವರು ಯಾರು?" ಎಂಬುದು ಇನ್ನೊಂದು. ಕೊಳ್ಳುವವನೂ ಎಚ್ಚರದಿಂದ ಇರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಎಣ್ಣೆಯ ಮುಚ್ಚಳ ತೆಗೆದು ಒಳಗೆ ಹಾಲಿನಂಥ ನೊರೆ ಇದೆಯೇ ನೋಡಬೇಕು, ಇದ್ದರೆ ಎಣ್ಣೆಗೆ ನೀರು ಸೇರುತ್ತಿರಬಹುದು. ಹೊಗೆ ನೀಲಿಯಾಗಿದ್ದರೆ ಎಂಜಿನ್ನು ಎಣ್ಣೆ ಸುಡುತ್ತಿದೆಯೆಂದು ತಿಳಿಯಬೇಕು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಬಾಗಿಲಿನ ತಗಡಿಗೆ ಸಣ್ಣ ಅಯಸ್ಕಾಂತ ಹಿಡಿದು ನೋಡಿದರೆ ದಪ್ಪ ಪುಟ್ಟಿ ತುಂಬಿದ ಕಡೆ ಅದು ಸರಿಯಾಗಿ ಅಂಟುವುದಿಲ್ಲ. ಇಷ್ಟನ್ನು ಪ್ರತಿಯೊಬ್ಬನೂ ಕಲಿಯಲಿ. ಆದರೆ ಇಬ್ಬರ ತಿಳಿವಳಿಕೆ ಸಮವಾಗಿಲ್ಲ ಎಂಬುದನ್ನು ಮರೆಯಬಾರದು. ಮಾರುವವನು ಗಾಡಿಯ ಹೊಟ್ಟೆ ಬಿಚ್ಚಿ 20 ದಿನ ನೋಡಿದವನು. ಕೊಳ್ಳುವವನು ಅರ್ಧ ತಾಸು ನೋಡುವವನು. 20 ದಿನ ನೋಡಿದವನು ಅರ್ಧ ತಾಸಿನವನಿಗೆ "ನೀನೇ ನೋಡಿಕೋ" ಎಂದರೆ, ಕಣ್ಣಿದ್ದವನು ಕುರುಡನಿಗೆ ಬಾವಿಯ ದಾರಿಯಲ್ಲಿ "ನೋಡಿ ನಡೆ" ಎಂದಂತೆ.

"ನನಗೂ ಹೀಗೆಯೇ ಟೋಪಿ ಹಾಕಿ ಮಾರಿದ್ದರು, ಆ ಲುಕ್ಸಾನ ನಾನೇಕೆ ಹೊರಲಿ?" ಎಂಬ ಮಾತಿನಲ್ಲಿ ನೋವಿದೆ. ಆ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಖೊಟ್ಟಿ ನೋಟು ಕೈಗೆ ಬಂದವನು ಅದನ್ನು ಸಂತೆಯ ಸೊಪ್ಪಿನ ಮುದುಕಿಗೆ ದಾಟಿಸಿದರೆ ಆ ನೋಟಿನ ಪಾಪ ತೊಳೆದುಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಎಲ್ಲೋ ಒಬ್ಬನು "ಇದು ನನ್ನಲ್ಲಿಗೇ ನಿಲ್ಲಲಿ" ಎನ್ನದೆ ಅದು ನಿಲ್ಲುವುದಿಲ್ಲ. ಹೀಗೆ ಹೊಣೆ ಹೊತ್ತು ನಿಲ್ಲುವವನನ್ನೇ ನಾವು ಭಕ್ತನೆನ್ನುವುದು.

"ಎಲ್ಲ ಹೇಳಿದರೆ ಗಾಡಿ ಹೋಗುವುದೇ ಇಲ್ಲ" ಎಂಬುದು ಕೊನೆಯ ಆಕ್ಷೇಪ. ಹೇಳಿದ ಮೇಲೆ ಬೆಲೆ ಇಳಿಯುತ್ತದೆ ಎಂಬುದು ನಿಜ, ಗಾಡಿ ಹೋಗುವುದೇ ಇಲ್ಲ ಎಂಬುದು ನಿಜವಲ್ಲ. ಗೇರ್‌ಬಾಕ್ಸು ಕೆಲಸ ಕೇಳುತ್ತದೆಂದು ಗೊತ್ತಿದ್ದೂ ಆ 20,000 ಕಡಿಮೆ ಮಾಡಿದರೆ ಕೊಳ್ಳುವವರು ಇದ್ದಾರೆ. ಸತ್ಯ ಹೇಳಿದರೆ ಮಾರಾಟವಾಗದು ಎಂದರೆ, ಆ ಬೆಲೆ ಸತ್ಯದ ಬೆಲೆಯಾಗಿರಲಿಲ್ಲ ಎಂದೇ ಅರ್ಥ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ ಸೊಲ್ಲಾಪುರದಲ್ಲಿ ಸೇರುತ್ತಿದ್ದ ದನದ ಪೇಟೆಯನ್ನು ಕಂಡವರು ಇದನ್ನು ಬಲ್ಲರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲಾಲರು ಭಾವ ಮುರಿಯುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಬಾಯಿ ಬಿಡಿಸಿ ನೋಡುತ್ತಿದ್ದರು. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಹರೆಯದ್ದೆಂದು ಮಾರುವವರು ಆಗಲೂ ಇದ್ದರು. ಇಂದು ಕಾರಿನ ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಅದೇ ಕೊಂಬು ಹೆರೆಯುವ ಕೆಲಸ. ಆದರೆ ಹಗ್ಗ ಕೈಗೆ ಕೊಡುವಾಗ "ಎತ್ತು ಹಾಯತೈತಿ, ಹೆಣ್ಣುಮಕ್ಕಳು ಹುಡುಗರು ಹತ್ರ ಹೋಗದ್ಹಂಗ ನೋಡ್ಕೋ ತಮ್ಮಾ" ಎಂದು ಹೇಳುವ ರೈತರೂ ಇದ್ದರು. ಅವನು ಹಾಗೆ ಹೇಳಿದ್ದು ಕಾಯಿದೆಗೆ ಹೆದರಿ ಅಲ್ಲ. ತನ್ನ ಕೊಟ್ಟಿಗೆಯಿಂದ ಹೋದ ಎತ್ತು ಇನ್ನೊಬ್ಬರ ಮಗುವಿಗೆ ಹಾಯ್ದರೆ ತನಗೆ ನಿದ್ದೆ ಬರದು ಎಂಬುದೇ ಅವನಿಗಿದ್ದ ಭಯ.

ಗಾಡಿಯ ವಿಷಯದಲ್ಲಿ ಈ ಭಯ ಇನ್ನೂ ಹೆಚ್ಚಾಗಿ ಇರಬೇಕು. ದೋಷಗಳೆಲ್ಲ ಒಂದೇ ತೂಕದವಲ್ಲ. ಗಾಡಿಯನ್ನು ತೊಳೆದು ಪಾಲಿಶ್ ಮಾಡಿ, ಸೀಟಿಗೆ ಹೊಸ ಕವರು ಹಾಕಿ ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಜಾತ್ರೆಗೆ ಹೋಗುವ ಎತ್ತಿಗೆ ಝೂಲ ಹೊದಿಸುವುದಿಲ್ಲವೇ? ರೇಡಿಯೋ ಹಾಡುವುದಿಲ್ಲ ಎಂದು ಹೇಳಲು ಮರೆತರೆ ದೊಡ್ಡ ಅನಾಹುತವೇನೂ ಆಗದು. ಆದರೆ ತುಕ್ಕು ತಿಂದು ಟೊಳ್ಳಾದ ಚಾಸಿಸ್ಸಿನ ಮೇಲೆ ಬಣ್ಣ ಬಳಿಯುವುದು, ಬ್ರೇಕಿನ ಎಣ್ಣೆ ಸೋರುವುದು ಗೊತ್ತಿದ್ದೂ ತುಂಬಿಸಿ ಕೊಡುವುದು, ಅಪಘಾತದಲ್ಲಿ ಮುರಿದ ಎರಡು ಗಾಡಿಗಳ ಭಾಗ ಕೂಡಿಸಿ ಬೆಸೆದು ಒಂದು ಮಾಡಿ ಮಾರುವುದು, ಇವು ಹಣದ ಮೋಸವನ್ನು ಮೀರಿ ಜೀವದ ಪ್ರಶ್ನೆಯಾಗುತ್ತವೆ. ಅಂಥ ಗಾಡಿಯಲ್ಲಿ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುತ್ತಾರೆ, ಮದುವೆಯ ದಿಬ್ಬಣ ಹೋಗುತ್ತದೆ.

ಮಹಾಪೂರದಲ್ಲಿ ಮುಳುಗಿದ ಗಾಡಿಗಳ ಮಾತೂ ಇಲ್ಲಿ ಬರುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಪಂಚಗಂಗಾ ಉಕ್ಕಿ ಸಾಂಗ್ಲಿ, ಕೊಲ್ಹಾಪುರಗಳು ನೀರಿನಲ್ಲಿ ನಿಂತದ್ದನ್ನು ನಮ್ಮ ಜತ್ತ ಭಾಗದ ಭಕ್ತರು ಮರೆತಿರಲಾರರು. ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಕೇರಳದಲ್ಲಿಯೂ ಇದೇ ಗತಿಯಾಗಿತ್ತು. ನೀರಲ್ಲಿ ನಿಂತ ಕಾರನ್ನು ಒಣಗಿಸಿ, ತೊಳೆದು, ಸುಗಂಧ ಹೊಡೆದು ನಿಲ್ಲಿಸಿದರೆ ನೋಡಲು ಚೆಂದವೇ ಇರುತ್ತದೆ. ಒಳಗೆ ವೈರಿನ ಕೂಡುಗಳಲ್ಲಿ ತುಕ್ಕು ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಆರು ತಿಂಗಳ ಮೇಲೆ ರಾತ್ರಿಯ ಹೆದ್ದಾರಿಯಲ್ಲಿ ದೀಪ ಆರಿಹೋದರೆ ಯಾರನ್ನು ಕೇಳುವುದು? ಮುಳುಗಿದ ಗಾಡಿಯನ್ನು ಮುಳುಗಿದ ಗಾಡಿಯೆಂದು ಹೇಳಿಯೇ ಮಾರಬೇಕು. ಇದರಲ್ಲಿ ನಡುದಾರಿ ಎಂಬುದಿಲ್ಲ.

ಇಷ್ಟು ಹೊತ್ತು ಮಾರುವ ಮಾತಾಯಿತು. ಕೊಳ್ಳುವ ಕಡೆಯಲ್ಲೂ ಒಂದು ಪರೀಕ್ಷೆ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಯಜಮಾನರು ಲಿಂಗೈಕ್ಯರಾದ ಮನೆಯಲ್ಲಿ ಶೆಡ್ಡಿನಲ್ಲಿ ಒಂದು ಹಳೆಯ ಗಾಡಿ ನಿಂತಿರುತ್ತದೆ. ಆ ತಾಯಿಗೆ ಅದು ಧೂಳು ತಿಂದ ಕಬ್ಬಿಣ. "ಎಷ್ಟಾದರೂ ಕೊಡಿರೆಪ್ಪಾ, ಜಾಗ ಖಾಲಿ ಆದರೆ ಸಾಕು" ಎನ್ನುತ್ತಾಳೆ. ಆದರೆ ನೋಡಲು ಬಂದ ಹವ್ಯಾಸಿಗೆ ಅದು ಈಗ ಎಲ್ಲೂ ಸಿಗದ ಮಾದರಿ, ಎಂಜಿನ್ನು ಮುಟ್ಟದೆ ಇದ್ದದ್ದು, ರಿಪೇರಿ ಮಾಡಿದರೆ ಲಕ್ಷಗಟ್ಟಲೆ ಬಾಳುತ್ತದೆ ಎಂದು ಕಂಡೊಡನೆ ತಿಳಿಯುತ್ತದೆ. ಗುಜರಿಯ ಬೆಲೆ ಕೊಟ್ಟು ತಂದರೆ ಕಳವಾಗಲಿಲ್ಲ, ಸುಳ್ಳೂ ಆಗಲಿಲ್ಲ, ಆಕೆಯೇ ಹೇಳಿದ ಬೆಲೆ. ಹಾಗಿದ್ದರೂ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿಯುತ್ತದೆ. ಆ ಮುಳ್ಳನ್ನು ಕಿತ್ತು ಎಸೆಯುವ ಮೊದಲು ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದರು. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ, ಬೇಡವೆಂದು ಚೆಲ್ಲಿದ್ದನ್ನೇ ತಂದದ್ದು. ಆದರೂ ತಮ್ಮ ದುಡಿಮೆಗೆ ಸಲ್ಲದ್ದು ತಮ್ಮದಲ್ಲ ಎಂಬುದು ಆಕೆಯ ತಕ್ಕಡಿ.

ಹಾಗೆಂದು ಕೊಳ್ಳುವವನು ತನ್ನ ಜಾಣತನಕ್ಕೆ ಏನೂ ತೆಗೆದುಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಇಬ್ಬರು ವ್ಯಾಪಾರಿಗಳು ಎದುರುಬದುರು ಕುಳಿತು ಚೌಕಾಸಿ ಮಾಡಿದರೆ ಅದು ಸಮಬಲದ ಕುಸ್ತಿ. ಅಜ್ಞಾನದಿಂದಲೋ, ದುಃಖದಿಂದಲೋ, ಸಾಲದ ಅವಸರದಿಂದಲೋ ಮಾರುವವರ ಎದುರು ಕುಳಿತಾಗ ಅದು ಕುಸ್ತಿಯಲ್ಲ. ಅಂಥಲ್ಲಿ "ತಾಯೀ, ಇದಕ್ಕೆ ಇಷ್ಟು ಬಾಳುತ್ತದೆ, ನನ್ನ ಖರ್ಚು-ಶ್ರಮ ಇಷ್ಟು, ನಿಮಗೆ ಇಷ್ಟು ಕೊಡುತ್ತೇನೆ" ಎಂದು ಬಾಯಿಬಿಟ್ಟು ಹೇಳಿದವನ ಲಾಭ ಸ್ವಲ್ಪ ಕಡಿಮೆಯಾದೀತು. ಆದರೆ ಆ ಮನೆಯ ಮುಂದೆ ಅವನು ಜೀವನಪೂರ್ತಿ ತಲೆಯೆತ್ತಿ ನಡೆದಾನು.

ಗಡಿಭಾಗದವರಾದ ನಮಗೆ ಕಾಗದಪತ್ರದ್ದೂ ಒಂದು ನೈತಿಕ ಪ್ರಶ್ನೆಯೇ. ಎಂ.ಎಚ್. 13 ಪಾಸಿಂಗಿನ ಗಾಡಿ ವಿಜಯಪುರಕ್ಕೆ ಹೋಗುತ್ತದೆ, ಕೆ.ಎ. 32ರ ಗಾಡಿ ಅಕ್ಕಲಕೋಟೆಗೆ ಬರುತ್ತದೆ. ಹೆಸರು ವರ್ಗಾವಣೆ, ನಿರಾಕ್ಷೇಪಣಾ ಪತ್ರ, ಇನ್ನೊಂದು ರಾಜ್ಯದ ತೆರಿಗೆ ಎಲ್ಲ ಸೇರಿ ಖರ್ಚೆಂದು ಅನೇಕರು ಸಹಿ ಹಾಕಿದ ಖಾಲಿ ಫಾರ್ಮುಗಳನ್ನು ಗಾಡಿಯ ಜೊತೆಗೇ ಕೈಯಿಂದ ಕೈಗೆ ದಾಟಿಸುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ, ಬೇರೆ ರಾಜ್ಯದವರಿಗೆ ಮಾರಿದವನು 45 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ? ಮೂರು-ನಾಲ್ಕು ಕೈ ದಾಟಿಹೋದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು: ದಫ್ತರಿನಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕ, ಪರಿಹಾರದ ಹೊಣೆಯೂ ಅವನದೇ. ಎಂದೋ ಗಾಡಿ ಮಾರಿ ಮರೆತ ರೈತನ ಮನೆಗೆ ಇನ್ಯಾರೋ ಮಾಡಿದ ಅಪಘಾತದ ನೋಟೀಸು ಬರುತ್ತದೆ. ನಡುವೆ ಕೊಂಡು ಮಾರಿದ ಹವ್ಯಾಸಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಲಾಭ ಅವನಿಗೆ, ಹೊಣೆ ಇನ್ನೊಬ್ಬನಿಗೆ. ಇದು ಶರಣರ ಲೆಕ್ಕದಲ್ಲಿ ಹೇಗೂ ಕೂಡುವುದಿಲ್ಲ.

ಈಗ ಆ "ಹವ್ಯಾಸ" ಎಂಬ ಶಬ್ದದ ಬಗ್ಗೆ ಎರಡು ಮಾತು. ವರ್ಷಕ್ಕೆ ಒಂದು ಗಾಡಿ ಮಾಡಿ ಮಾರಿದರೆ ಹವ್ಯಾಸ ಎನ್ನೋಣ. ತಿಂಗಳಿಗೆ ಎರಡು ಗಾಡಿ ಬಂದು ಹೋಗುತ್ತಿದ್ದರೆ ಅದು ವ್ಯಾಪಾರ. ಅದಕ್ಕೆ ವ್ಯಾಪಾರದ ನಿಯಮಗಳೂ ಇವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಹಳೆಯ ಗಾಡಿಗಳ ವ್ಯಾಪಾರಿ ಆರ್.ಟಿ.ಓ. ಕಡೆಯಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ತನ್ನ ಕೈಗೆ ಬಂದದ್ದನ್ನು ದಾಖಲಿಸಬೇಕು, ಅದು ತನ್ನಲ್ಲಿರುವ ತನಕ ಹೊಣೆ ಹೊರಬೇಕು. 2025ರ ಜನವರಿಯಲ್ಲಿ ಜಿ.ಎಸ್.ಟಿ. ನೋಂದಣಿ ಇರುವ ವ್ಯಾಪಾರಿಗಳಿಗೆ ಹಳೆಯ ಗಾಡಿಯ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಶೇ. 18ರ ದರವನ್ನು ಒಂದೇ ಸಮನಾಗಿ ನಿಗದಿ ಮಾಡಲಾಯಿತು. ನೋಂದಣಿ ಇಲ್ಲದ ಸಾಮಾನ್ಯ ಜನರನ್ನು ಅದರಿಂದ ಹೊರಗಿಡಲಾಯಿತು. ಈ ವಿನಾಯಿತಿ ಇರುವುದು ಮನೆಯ ಕಾರನ್ನು ಮಾರುವ ಗೃಹಸ್ಥನ ಅನುಕೂಲಕ್ಕೆ. ಅದರ ನೆರಳಲ್ಲಿ ಅಂಗಡಿ ನಡೆಸಿ ಹವ್ಯಾಸವೆಂದು ಹೆಸರಿಟ್ಟರೆ ಅದೂ ಮೇಲೆ ಹೊಸ ಬಣ್ಣ ಬಳಿದಂತೆಯೇ ಸರಿ. ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಂಡವರೆಂದು ನಮ್ಮ ಪರಂಪರೆ ಹೇಳುತ್ತದೆ. ಲೆಕ್ಕದ ಶುದ್ಧಿಯಿಂದ ಶುರುವಾದ ಧರ್ಮ ನಮ್ಮದು.

ಹವ್ಯಾಸಕ್ಕೆ ಇನ್ನೊಂದು ಅಪಾಯವೂ ಇದೆ. ಒಂದು ಗಾಡಿ ಹೋಗುವ ಮೊದಲೇ ಮತ್ತೊಂದು ತರುವ ಚಪಲ ಹುಟ್ಟುತ್ತದೆ. ದ್ರಾಕ್ಷಿಯ ಔಷಧಕ್ಕೆ ಇಟ್ಟ ಹಣ, ಮಗಳ ಫೀ ಕಟ್ಟುವ ಹಣ ಶೆಡ್ಡಿನಲ್ಲಿ ಕಬ್ಬಿಣವಾಗಿ ನಿಲ್ಲುತ್ತದೆ. ಹಣ ಹೀಗೆ ಸಿಕ್ಕಿಬಿದ್ದಾಗಲೇ ಒಳ್ಳೆಯ ಹುಡುಗನೂ ದೋಷ ಮುಚ್ಚಿಡುವ ಮನಸ್ಸು ಮಾಡುತ್ತಾನೆ. ಆದ್ದರಿಂದ ಕಳೆದುಕೊಂಡರೂ ಮನೆ ನಡೆಯುವಷ್ಟು ಹಣವನ್ನು ಮಾತ್ರ ಇದಕ್ಕೆ ಹಾಕುವುದು ಜಾಣತನವೂ ಹೌದು, ನೀತಿಯ ರಕ್ಷಣೆಯೂ ಹೌದು.

ಕೊನೆಯದಾಗಿ, ಶ್ರೀಮಠಕ್ಕೆ ಸಂಬಂಧಪಟ್ಟ ಒಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಒಳ್ಳೆಯ ಲಾಭ ಬಂದಾಗ ದಾಸೋಹಕ್ಕೆ ಅಕ್ಕಿ-ಬೇಳೆ ಕಳಿಸುವ, ಜಾತ್ರೆಗೆ ಕಾಣಿಕೆ ಕೊಡುವ ಪದ್ಧತಿ ನಮ್ಮ ಭಕ್ತರಲ್ಲಿದೆ. ಅದು ಹೆಮ್ಮೆಯ ವಿಷಯ, ಅದರಿಂದಲೇ ಪಂಕ್ತಿ ನಡೆಯುತ್ತಿದೆ. ಆದರೆ ಮೌನದ ಬಾಬತ್ತಿನಿಂದ ಬಂದ 20,000ದಲ್ಲಿ 2,000 ಮಠಕ್ಕೆ ಕೊಟ್ಟರೆ ಉಳಿದ 18,000 ಶುದ್ಧವಾಗುತ್ತದೆಂದು ಯಾರಾದರೂ ತಿಳಿದಿದ್ದರೆ, ಆ ತಿಳಿವಳಿಕೆಯನ್ನು ಬಿಡಬೇಕೆಂದು ಕೈಮುಗಿದು ಕೇಳುತ್ತೇವೆ. ರಶೀದಿ ಬರೆದು ಕೊಡುವವರು ನಾವು. ರಶೀದಿಯಲ್ಲಿ ಮೊತ್ತ ಇರುತ್ತದೆ, ಅದು ಎಲ್ಲಿಂದ ಬಂತೆಂದು ಬರೆಯುವ ಕಲಮಿಲ್ಲ. ಆ ಕಲಮನ್ನು ತುಂಬಬೇಕಾದವನು ಕೊಡುವವನೇ. ಅಂಥ ಹಣವನ್ನು ತರಬೇಕಾದದ್ದು ಮಠದ ಬಾಗಿಲಿಗಲ್ಲ, ಗಾಡಿ ಕೊಂಡವನ ಬಾಗಿಲಿಗೆ.

ಈ ಕೆಲಸದಲ್ಲಿರುವ ಯುವ ಬಂಧುಗಳು ಹೀಗೆ ನಡೆದುಕೊಳ್ಳಬಹುದೆಂದು ನಮ್ಮ ಸೂಚನೆ. ಗಾಡಿ ತಂದ ದಿನದಿಂದ ಒಂದು ವಹಿ ಇಟ್ಟು, ಏನು ಕೆಟ್ಟಿತ್ತು, ಏನು ಸರಿಮಾಡಿದೆ, ಏನು ಉಳಿದಿದೆ ಎಂದು ಬರೆಯಬೇಕು. ಮಾರುವಾಗ ಆ ಹಾಳೆಯ ಪ್ರತಿಯನ್ನು ಕೊಳ್ಳುವವನ ಕೈಗೆ, ಅವನು ಕೇಳದಿದ್ದರೂ, ಇಸಾರ ಹಿಡಿಯುವ ಮೊದಲೇ ಕೊಡಬೇಕು. ಬ್ರೇಕು, ಸ್ಟೇರಿಂಗು, ಚಾಸಿಸ್ಸು ಈ ಮೂರರಲ್ಲಿ ದೋಷವಿದ್ದರೆ ಸರಿಮಾಡದೆ ಗಾಡಿಯನ್ನು ರಸ್ತೆಗೆ ಬಿಡಬಾರದು. ಹೆಸರು ವರ್ಗಾವಣೆಯನ್ನು ತಾನೇ ಮುಂದೆ ನಿಂತು ಮುಗಿಸಬೇಕು. ಇಷ್ಟು ಮಾಡಿದವನ ಗಾಡಿಗೆ ಊರಲ್ಲಿ ಬೇರೆ ಜಾಹೀರಾತು ಬೇಕಾಗುವುದಿಲ್ಲ. "ಅವನ ಕಡೆಯಿಂದ ಬಂದದ್ದೇ? ಹಾಗಾದರೆ ತಗೋ" ಎಂಬ ಮಾತು ತಾನಾಗಿಯೇ ಹುಟ್ಟುತ್ತದೆ.

ಸಂಶಯ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಗಾಡಿಯನ್ನು, ಇದೇ ಬೆಲೆಗೆ, ಇಷ್ಟೇ ಹೇಳಿ, ನನ್ನ ಮಗಳಿಗೆ ಕೊಡುತ್ತಿದ್ದೆನೇ? ಹೌದು ಎಂದು ಮನಸ್ಸು ಹೇಳಿದರೆ ಧೈರ್ಯವಾಗಿ ಮಾರಿರಿ, ಲಾಭ ತೆಗೆದುಕೊಳ್ಳಿರಿ, ಅದು ಕಾಯಕದ ಫಲ. ಮನಸ್ಸು ತಡವರಿಸಿದರೆ, ಎಲ್ಲಿ ತಡವರಿಸಿತೋ ಅದನ್ನೇ ಕೊಳ್ಳುವವನಿಗೆ ಮೊದಲು ಹೇಳಿರಿ.



ಕಾರ್ಯದರ್ಶಿ,
ಶ್ರೀಮಠದ ಕಾರ್ಯಾಲಯ